ಸವತಿಯರು ಹಾಗೆ ನೋಡುವುದಿಲ್ಲ

ಕಿಬಂಗಾ ಪೇಟೆ
9 ಜೂನ್ 2012

ಬಿರುಂಗಿ,

ನೀನು ಕಳಿಸಿದ ಡಿಸ್ಕ್ ತಲುಪಿತು. ಲುಬೆಗಾ ಅದನ್ನು ತನ್ನ ಟ್ಯಾಕ್ಸಿಯ ಸೀಟಿನ ಕೆಳಗೆ, ಕಾಲು ಕಟ್ಟಿದ ಒಂದು ಹುಂಜದ ಪಕ್ಕದಲ್ಲಿಟ್ಟು ತಂದ. ಕಂಪಾಲದಿಂದ ಇಲ್ಲಿಗೆ ಬರುವಷ್ಟರಲ್ಲಿ ಹುಂಜ ಕವರಿನ ಮೇಲೆ ಹಿಕ್ಕೆ ಹಾಕಿತ್ತು. ಸಿನಿಮಾ ನೋಡಿ ಮುಗಿಸಿದ ಮೇಲೆ, ಹುಂಜ ನನಗಿಂತ ಮೊದಲೇ ಅಭಿಪ್ರಾಯ ಕೊಟ್ಟಿದೆ ಅನಿಸಿತು.

ನೀವು ಗುಟ್ಟಾಗಿ ಹಂಚುವ ಹಾಳೆಗೆ ಬರೆದುಕೊಡು ಅಂದಿದ್ದೀಯ. ಬರೆಯುತ್ತೇನೆ. ಒಂದು ಪದವನ್ನೂ ಮೆತ್ತಗೆ ಮಾಡಬೇಡ.

ಇಬ್ಬರು ಹುಡುಗಿಯರು. ಚಳಿ ದೇಶದ ಸಣ್ಣ ಊರು. ಒಬ್ಬಳು ಬ್ರೆಡ್ ಸುಡುವವನ ಮಗಳು, ಇನ್ನೊಬ್ಬಳು ರಜೆಗೆ ಬಂದವಳು. ಅವರಿಗೆ ಪ್ರೀತಿಯಾಗುತ್ತದೆ. ಆಮೇಲೆ ಬ್ರೆಡ್ಡಿನವನ ಮಗಳು ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಎಷ್ಟು ಸಲ? ನಾನು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ, ಹನ್ನೊಂದು ಸಲ. ಹನ್ನೆರಡನೇ ಸಲಕ್ಕೆ ನದಿಗೆ ಬಿದ್ದು ಸಾಯುತ್ತಾಳೆ. ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಸಾವೇ ಗತಿ ಎಂದು ನಮ್ಮ ಪಾದ್ರಿ ಪ್ರತಿ ಭಾನುವಾರ ಹೇಳುತ್ತಾರೆ. ಈ ಸಿನಿಮಾ ಅದನ್ನೇ ಪಿಟೀಲು ಬಾರಿಸಿ ಹೇಳುತ್ತದೆ. ಪಾದ್ರಿಯೇ ವಾಸಿ, ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ.

ಇನ್ನು ಆ ಊರು. ಅಲ್ಲಿ ಯಾರೂ ಯಾರನ್ನೂ ವಿಚಾರಿಸುವುದಿಲ್ಲ. ಹುಡುಗಿ ನೀರಿನ ದಂಡೆಯಲ್ಲಿ ಮುಖ ಊದಿಸಿಕೊಂಡು ಇಡೀ ಬೆಳಿಗ್ಗೆ ಕೂರುತ್ತಾಳೆ, ಒಂದು ನಾಯಿಯೂ ಬಂದು ಮೂಸುವುದಿಲ್ಲ. ಕಿಬಂಗಾದಲ್ಲಿ ಐದು ನಿಮಿಷ ಹಾಗೆ ಕೂತು ನೋಡು. ಮೂವರು ಬಂದು ಹೊಟ್ಟೆನೋವಾ ಅನ್ನುತ್ತಾರೆ. ನಾಲ್ಕನೆಯವಳು ಎಷ್ಟು ತಿಂಗಳು ಅನ್ನುತ್ತಾಳೆ. ಸಣ್ಣ ಊರಿನಲ್ಲಿ ಒಂಟಿತನ ಕಾಡುತ್ತದಂತೆ! ಇಲ್ಲಿ ಒಂಟಿಯಾಗಿರಲು ಕಕ್ಕಸಿಗೆ ಹೋಗಬೇಕು, ಅಲ್ಲೂ ಯಾರಾದರೂ ಬಾಗಿಲು ತಟ್ಟಿ ಮಾತಾಡಿಸುತ್ತಾರೆ.

ನಾನು ಇದನ್ನು ನೋಡಿದ್ದು ನನ್ನ ಟೈಪಿಂಗ್ ಅಂಗಡಿಯಲ್ಲಿ, ಯಜಮಾನಿ ಊಟಕ್ಕೆ ಹೋದಾಗ, ಕಂಪ್ಯೂಟರನ್ನು ಗೋಡೆಯ ಕಡೆ ತಿರುಗಿಸಿಕೊಂಡು. ಯಾರಾದರೂ ಬಂದರೆ ಒಂದು ಗುಂಡಿ ಒತ್ತಿದರೆ ಸಾಕು, ಐದನೇ ತರಗತಿಯ ಗಣಿತದ ಪ್ರಶ್ನೆಪತ್ರಿಕೆ ಬರುತ್ತದೆ. ಇಂಥ ಪ್ರೀತಿಗೆ ಜೈಲು ಅನ್ನುವ ಆ ಮಸೂದೆ ಸಂಸತ್ತಿನಲ್ಲಿ ಇನ್ನೂ ಸತ್ತಿಲ್ಲವಲ್ಲ. ಇಂಥ ಡಿಸ್ಕ್ ಸಿಕ್ಕಿದರೆ ನನ್ನನ್ನು ಹೊಡೆಯಲು ಪೇಟೆಯವರು ಮಸೂದೆಗೆ ಕಾಯುವುದೂ ಇಲ್ಲ. ಅಷ್ಟು ಅಪಾಯ ತಲೆಯ ಮೇಲೆ ಹೊತ್ತು ನಾನು ನೋಡಿದ್ದು ಏನು? ಹನ್ನೊಂದು ಕಿಟಕಿ.

ಫೋನ್ ಮಾಡಬೇಡ. ಫೋನು ಅಣ್ಣನ ಕೈಯಲ್ಲೇ ಇರುತ್ತದೆ. ಕಾಗದವನ್ನು ಲುಬೆಗಾನ ಕೈಗೇ ಕೊಡು.

ನಲ್ವೋಗಾ


ಕಂಪಾಲ
20 ಜೂನ್

ನಲ್ವೋಗಾ,

ಭಾನುವಾರ ನಾವು ಏಳು ಜನ ನನ್ನ ಕೋಣೆಯಲ್ಲಿ ಸೇರಿದಾಗ ನಿನ್ನ ಬರಹವನ್ನು ಗಟ್ಟಿಯಾಗಿ ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಂಜದ ಸಾಲನ್ನು ಎರಡು ಸಲ ಓದಿಸಿದರು. ಹಾಳೆಯಲ್ಲಿ ಹಾಕಿದ್ದೇವೆ, 'ಪೇಟೆಯ ವೀಕ್ಷಕಿ' ಎಂಬ ಹೆಸರಿನಲ್ಲಿ. ನಲವತ್ತು ಪ್ರತಿ ತೆಗೆದೆವು.

ಒಂದು ಮಾತು. ಆ ಸಿನಿಮಾ ನೋಡಿ ನಾನು ಅತ್ತಿದ್ದೆ. ಅವರ ಮುಂದೆ ಹೇಳಲಿಲ್ಲ.

ಶಾಲೆಯಲ್ಲೂ ನೀನು ಹೀಗೇ ಇದ್ದೆ. ಸಿಸ್ಟರ್ ಬೈಬಲ್ ಕಥೆ ಹೇಳಿದರೆ, ಆ ಹೆಂಗಸಿಗೆ ಹೆಸರು ಯಾಕಿಲ್ಲ ಅಂತ ಕೇಳಿ ಹೊರಗೆ ನಿಲ್ಲುತ್ತಿದ್ದೆ. ನಾನು ಒಳಗೆ ಕೂತು, ಬಿಸಿಲಿನಲ್ಲಿ ನಿಂತ ನಿನ್ನನ್ನು ನೋಡುತ್ತಿದ್ದೆ.

ಇಲ್ಲಿ ಹೆಚ್ಚಿಗೆ ವಿಶೇಷವಿಲ್ಲ. ಸಲೂನಿನಲ್ಲಿ ದಿನಕ್ಕೆ ಮೂರು ತಲೆ ಹೆಣೆಯುತ್ತೇನೆ, ಬೆರಳು ಊದಿಕೊಂಡಿವೆ. ನನ್ನ ಜೊತೆಗಿರುವ ನಂತುಮೆ ಆಗಸ್ಟ್ ಕೊನೆಗೆ ತನ್ನ ಊರಿಗೆ ಹೋಗುತ್ತಾಳೆ. ಅವಳ ಹಾಸಿಗೆ ಇರುವ ಮೂಲೆಗೆ ಬೆಳಿಗ್ಗೆ ಒಳ್ಳೆಯ ಬಿಸಿಲು ಬರುತ್ತದೆ. ಆ ಜಾಗಕ್ಕೆ ಯಾರು ಬರುತ್ತಾರೋ ಗೊತ್ತಿಲ್ಲ. ಪಕ್ಕದ ರಸ್ತೆಯಲ್ಲಿ ಮೂರು ಟೈಪಿಂಗ್ ಅಂಗಡಿಗಳಿವೆ, ಮೂರಕ್ಕೂ ಕೈ ಸಾಲದು ಅಂತ ಕೇಳಿದೆ.

ಇನ್ನೊಂದು ಡಿಸ್ಕ್ ಕಳಿಸಿದ್ದೇನೆ. ಇಬ್ಬರು ಮೀನುಗಾರರ ಕಥೆ. ಒಬ್ಬ ಊರು ಬಿಡುತ್ತಾನೆ, ಇನ್ನೊಬ್ಬನಿಗೂ ಬಾ ಅನ್ನುತ್ತಾನೆ. ಏನನಿಸಿತು ಬರೆ.

ಬಿರುಂಗಿ


ಕಿಬಂಗಾ
4 ಜುಲೈ

ಬಿರುಂಗಿ,

ಮೀನುಗಾರರಂತೆ. ಒಬ್ಬನ ಉಗುರಿನಲ್ಲೂ ಮೀನಿನ ಒಂದು ಹುರುಪೆ ಇಲ್ಲ. ದೋಣಿಯಿಂದ ಇಳಿಯುವಾಗ ಅಂಗಿ ಇಸ್ತ್ರಿ ಮಾಡಿದ ಹಾಗಿದೆ. ನಮ್ಮ ಕೆರೆಯ ಕಡೆಯ ಮೀನುಗಾರರು ಪೇಟೆಗೆ ಬಂದರೆ ಅವರಿಗಿಂತ ಮೊದಲು ಅವರ ವಾಸನೆ ಬಂದು ಕೂರುತ್ತದೆ. ಈ ಇಬ್ಬರು ಒಬ್ಬರನ್ನೊಬ್ಬರು ಅಪ್ಪಿಕೊಂಡಾಗ ನನಗೆ ಬಂದದ್ದು ಒಂದೇ ಯೋಚನೆ: ಇವರಿಗೆ ಸೋಪು ಯಾರು ತಂದುಕೊಡುತ್ತಾರೆ?

ಅದು ಹಾಗಿರಲಿ. ನನಗೆ ಹೇಸಿಗೆಯಾದದ್ದು ಲಾರಿಯ ದೃಶ್ಯ. ಒಬ್ಬ ಲಾರಿ ಹತ್ತುತ್ತಾನೆ. ಹತ್ತಿದ ಕೂಡಲೇ ಆಕಾಶ ನೀಲಿ, ಹಾಡು ಶುರು. ನಗರದಲ್ಲಿ ಎಲ್ಲರೂ ಅವನನ್ನು ನೋಡಿ ಹಲ್ಲು ಕಿರಿಯುತ್ತಾರೆ. ಊರಿನಲ್ಲಿ ಉಳಿದವನು ಮಾತ್ರ ದಡ್ಡ, ಹೇಡಿ, ಕತ್ತಲ ಜೀವಿ. ಊರು ಬಿಟ್ಟರೆ ಸ್ವಾತಂತ್ರ್ಯ ಅನ್ನುವುದು ಬಸ್ಸಿನ ಮಾಲೀಕರ ಸಿದ್ಧಾಂತ. ನೀನು ಕಳಿಸಿದ ಕರಪತ್ರಗಳನ್ನೆಲ್ಲ ಓದಿದ್ದೇನೆ, ಚರ್ಚಿನ ಹಳೇ ಪೆಟ್ಟಿಗೆಯಲ್ಲಿ ಸಿಕ್ಕ ಕಾಫಿ ಬೆಳೆಗಾರರ ಸಂಘದ ಕರಪತ್ರಗಳನ್ನೂ ಓದಿದ್ದೇನೆ. ಹೋರಾಟಗಾರರು ಟಿಕೆಟ್ ತಗೊಂಡು ಜಾಗ ಖಾಲಿ ಮಾಡಬೇಕು ಅಂತ ಯಾವುದರಲ್ಲೂ ಬರೆದಿಲ್ಲ. ಓಡಿಹೋಗುವವರು ಹೇಡಿಗಳು. ಒಳ್ಳೆಯವರೆಲ್ಲ ಓಡಿಹೋದರೆ ಊರು ಯಾರಿಗೆ? ಪಾದ್ರಿಗೂ ಪೋಲೀಸಿಗೂ? ಓಡಿಹೋಗುವವರ ಮೇಲೆ ಇಷ್ಟೊಂದು ಸಿನಿಮಾ ತೆಗೆಯುತ್ತಾರಲ್ಲ, ನಿಂತವರ ಮೇಲೆ ಒಂದನ್ನಾದರೂ ತೆಗೆದರಾ?

ಇದನ್ನು ಹಾಗೇ ಹಾಕು. ಓಡಿಹೋಗುವವರು ಹೇಡಿಗಳು ಅನ್ನುವ ಸಾಲಿನ ಕೆಳಗೆ ಗೆರೆ ಎಳೆ.

ನೀನು ಬೆಳಗಿನ ಬಿಸಿಲಿನ ಬಗ್ಗೆ ಬರೆದಿದ್ದೀಯ. ಸಿನಿಮಾ ನೋಡಿ ನೋಡಿ ನೀನೂ ಕೆಟ್ಟೆ.

ಮನೆಯಲ್ಲಿ ನೆಂಟರು. ಅಪ್ಪನ ಅಕ್ಕ ಫೆಲಿಸ್ತಾ ಅತ್ತೆ ಹದಿನೈದು ದಿನಕ್ಕೆಂದು ಬಂದಿದ್ದಾಳೆ. ಅಪ್ಪ ಹೊಸ ಚಾಪೆಗಳನ್ನು ತಂದಿದ್ದಾರೆ. ಬೇರೇನೂ ಇಲ್ಲ.

ನಲ್ವೋಗಾ


ಕಂಪಾಲ
15 ಜುಲೈ

ನಲ್ವೋಗಾ,

ಹಾಕಿದೆವು. ಗೆರೆಯನ್ನೂ ಎಳೆದೆ.

ಈ ಸಲದ ಸಿನಿಮಾದಲ್ಲಿ ಯಾರೂ ಊರು ಬಿಡುವುದಿಲ್ಲ. ಫ್ರೆಂಚ್ ಭಾಷೆ, ಕೆಳಗೆ ಅಕ್ಷರವೂ ಬರುವುದಿಲ್ಲ, ಆದರೂ ತಿಳಿಯುತ್ತದೆ. ಅಂಗಡಿ ನಡೆಸುವ ಹೆಂಗಸೊಬ್ಬಳು, ಅವಳ ಗೆಳತಿಯೊಬ್ಬಳು. ಗೆಳತಿಗೆ ಮದುವೆಯಾಗುತ್ತದೆ. ಎರಡನೇ ಅರ್ಧದಲ್ಲಿ ಅಂಗಡಿಯವಳು ಮೇಜಿನ ಮೇಲೆ ಎರಡು ಬಟ್ಟಲು ಇಟ್ಟುಕೊಂಡು ಕಾಯುತ್ತಾಳೆ. ಆ ದೃಶ್ಯವನ್ನು ಸ್ವಲ್ಪ ಗಮನಿಸು. ಉಳಿದದ್ದನ್ನೆಲ್ಲ ಬೇಕಾದಷ್ಟು ಬೈ.

ನಂತುಮೆ ಹೊರಡುವ ತಯಾರಿಯಲ್ಲಿದ್ದಾಳೆ.

ಬಿರುಂಗಿ


ಕಿಬಂಗಾ
11 ಆಗಸ್ಟ್

ಬಿರುಂಗಿ,

ತಡವಾಯಿತು. ಅಂಗಡಿಯಲ್ಲಿ ಕೆಲಸ ಹೆಚ್ಚು.

ಎರಡು ಬಟ್ಟಲಿನ ದೃಶ್ಯವನ್ನು ನೀನು ಹೇಳಿದ ಹಾಗೆ ಗಮನಿಸಿದೆ. ಆರು ನಿಮಿಷ. ಚಹಾ ಆರುತ್ತದೆ. ಹೆಂಗಸು ಬಟ್ಟಲು ಒರೆಸುತ್ತಾಳೆ, ಬಾಗಿಲು ನೋಡುತ್ತಾಳೆ, ಮತ್ತೆ ಒರೆಸುತ್ತಾಳೆ. ಇದನ್ನು ನೋಡಿ ಜನ ನಿಟ್ಟುಸಿರು ಬಿಡುತ್ತಾರೇನೋ. ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನಿಸಿತು. ಬಾಯಿ ಇದೆ, ನಾಲಿಗೆ ಇದೆ, ಎದುರು ಮನೆಯ ಬಾಗಿಲು ಇದೆ. ಹೋಗಿ ಕೇಳಬಾರದೇ? ಎರಡು ಗಂಟೆಯ ಸಿನಿಮಾದಲ್ಲಿ 'ನೀನು ನನಗೆ ಬೇಕು' ಅನ್ನುವ ಮಾತನ್ನು ಒಬ್ಬಳೂ ಆಡುವುದಿಲ್ಲ. ಇದಕ್ಕೆ ಇವರು ಸೂಕ್ಷ್ಮ ಅನ್ನುತ್ತಾರೆ. ನಾನು ಸೋಮಾರಿತನ ಅನ್ನುತ್ತೇನೆ. ಪಾತ್ರೆ ಜೋಡಿಸಿಟ್ಟರೆ ಪ್ರೀತಿ ಹೇಳಿದ ಹಾಗಾದರೆ, ಹೋಟೆಲಿನವನು ದಿನಾ ಐವತ್ತು ಜನರನ್ನು ಪ್ರೀತಿಸುತ್ತಾನೆ.

ಇನ್ನು ಆ ವಧು. ಅವಳನ್ನು ಯಾರೂ ಹಗ್ಗ ಹಾಕಿ ಎಳೆಯಲಿಲ್ಲ. ಹೊಸ ಬಟ್ಟೆ ತಂದುಕೊಟ್ಟರು, ನಾಲ್ಕು ಜನ ಚೆನ್ನಾಗಿ ಮಾತಾಡಿಸಿದರು, ಕತ್ತು ಕೊಟ್ಟಳು. ಆಮೇಲೆ ಅಳುತ್ತಾಳೆ, ಕ್ಯಾಮೆರಾ ಅವಳ ಕಣ್ಣೀರಿನ ಮೇಲೆ ನಿಂತು ಪಾಪ ಅನ್ನುತ್ತದೆ. ನಾನು ಅನ್ನುವುದಿಲ್ಲ. ಬೇಡ ಅನ್ನಲು ಬಾರದವಳು ಅಳುವ ಹಕ್ಕನ್ನೂ ಕಳೆದುಕೊಳ್ಳುತ್ತಾಳೆ. ಇಂಥವಳಿಂದ ಆಗುವ ಅನ್ಯಾಯ ಎಷ್ಟು ಅಂತ ಯಾವ ಸಿನಿಮಾವೂ ತೋರಿಸುವುದಿಲ್ಲ. ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕು.

ಡಿಸ್ಕ್ ಸದ್ಯಕ್ಕೆ ನನ್ನ ಹತ್ತಿರ ಇಲ್ಲ. ಎದುರಿನ ವಿಡಿಯೋ ಹಾಲಿನ ಕಸುಲೆ ಫೋಟೋಕಾಪಿಗೆ ಬಂದವನು ಮೇಜಿನಿಂದ ಎತ್ತಿಕೊಂಡು ಹೋಗಿದ್ದಾನೆ, ನಾನು ಒಳಗಿದ್ದೆ. ಅವನ ಹಾಲಿನಲ್ಲಿ ದಿನಾ ಹೊಡೆದಾಟದ ಸಿನಿಮಾಗಳೇ ಓಡುತ್ತವೆ, ಅವನು ಮೈಕು ಹಿಡಿದು ನಮ್ಮ ಭಾಷೆಯಲ್ಲಿ ಕಥೆ ಹೇಳುತ್ತಾನೆ. ಇದನ್ನು ಹಾಕಲಾರ. ವಾಪಸ್ ಕೇಳುತ್ತೇನೆ. ಗಾಬರಿಯಾಗಬೇಡ.

ನಲ್ವೋಗಾ


ಕಂಪಾಲ
19 ಆಗಸ್ಟ್

ನಲ್ವೋಗಾ,

ಬಾಯಿ ಇದ್ದವರು ಕೇಳಬೇಕು ಅಂದೆ. ಕೇಳುತ್ತೇನೆ.

ನಿಮ್ಮ ಮನೆಗೆ ಹೊಸ ಚಾಪೆ ಯಾಕೆ ಬಂತು?

ನೀನು ಹೇಳದಿದ್ದರೂ ಕಾಗದ ತಂದವನು ಹೇಳಿದ. ಲುಬೆಗಾ ನಿನ್ನ ಲಕೋಟೆ ಕೊಟ್ಟು, "ನಿಮ್ಮ ಗೆಳತೀದು ಮದುವೆ ಗಟ್ಟಿಯಾಯ್ತಂತಲ್ಲ ತಾಯಿ, ಕಾಫಿ ವ್ಯಾಪಾರಿ ಮುಲೋಂಡೋ ಜೊತೆ. ಎರಡು ಸಲ ಹುಡುಗಿಯ ಸೋದರತ್ತೆ ಮನೆಗೆ ಹೋಗಿ ಬಂದಿದ್ದಾನೆ, ಹುಡುಗೀನೇ ಚಹಾ ಕೊಟ್ಟಳಂತೆ. ಹೆಣ್ಣು ಕೇಳೋ ಕಾಗದಾನೂ ಬರೆದಿದ್ದಾನಂತೆ" ಅಂದ. ನಾನು ನಕ್ಕೆ. ಅವನಿಗೆ ಕುಡಿಯಲು ಸೋಡಾ ತರಿಸಿದೆ. ಅವನು ಹೋದ ಮೇಲೆ ನಿನ್ನ ಕಾಗದ ಒಡೆದು ವಧುವಿನ ಬಗ್ಗೆ ಓದಿದೆ.

ಅದನ್ನು ದಪ್ಪ ಅಕ್ಷರದಲ್ಲಿ ಹಾಕಬೇಕಂತೆ. ಇಲ್ಲ. ಹಾಕುವುದಿಲ್ಲ. ಆ ಸಾಲುಗಳನ್ನು ಬರೆದವಳು ಅದೇ ವಾರ ಅತ್ತೆಯ ಮುಂದೆ ಕೂತು, ಚಹಾ ಕೊಟ್ಟು, ಮುಲೋಂಡೋಗೆ ಮುಖ ತೋರಿಸಿದ್ದಾಳೆ. ಅದನ್ನು ಇಲ್ಲಿ ಆರು ಜನಕ್ಕೆ ಓದಿ ಹೇಳಿ ನಗಿಸಲು ನನಗೆ ಆಗುವುದಿಲ್ಲ.

ನನ್ನ ತಪ್ಪನ್ನೂ ಹೇಳುತ್ತೇನೆ. ನಾನು ನಿನಗೆ ಸಿನಿಮಾ ಕಳಿಸಲಿಲ್ಲ, ಪ್ರಶ್ನೆ ಕಳಿಸಿದೆ. ನೇರ ಬರೆದರೆ ನಿನ್ನ ಅಣ್ಣನ ಕೈಗೆ ಸಿಕ್ಕೀತು ಅನ್ನುವುದು ನೆವ. ನೀನು ನಕ್ಕುಬಿಟ್ಟೀಯ ಎಂದು ಹೆದರಿದೆ, ಅದೇ ನಿಜ. ನಂತುಮೆಯ ಮೂಲೆಗೆ ನೀನು ಬರುತ್ತೀಯಾ ಎಂದು ಮೂರು ಸಲ ಕೇಳಿದೆ. ಓಡಿಹೋಗುವವರು ಹೇಡಿಗಳು ಎಂದು ನೀನು ಬರೆದೆ. ನಾನೇ ಅದರ ಕೆಳಗೆ ಗೆರೆ ಎಳೆದೆ. ಆ ಹಾಳೆಯನ್ನು ನಲವತ್ತು ಪ್ರತಿ ತೆಗೆಯುವಾಗ ಪ್ರತಿ ಸಲವೂ ಅದು ಯಂತ್ರದಿಂದ ಹೊರಗೆ ಬಂದು ನನ್ನ ಮುಖ ನೋಡಿತು.

ಈಗ ಹೇಳಿದ್ದೇನೆ. ನೀನು ನನಗೆ ಬೇಕಾಗಿತ್ತು. ಸೂಕ್ಷ್ಮವಾಗಿ ಅಲ್ಲ, ಹೀಗೇ.

ಮೂಲೆಗೆ ಬೇರೆ ಯಾರನ್ನಾದರೂ ನೋಡುತ್ತೇನೆ. ಡಿಸ್ಕ್ ಸಿಕ್ಕರೆ ಸುಟ್ಟುಹಾಕು. ಇನ್ನು ಬರೆಯಬೇಡ.

ಬಿರುಂಗಿ


ಕಿಬಂಗಾ
29 ಆಗಸ್ಟ್

ಬಿರುಂಗಿ,

ಬರೆಯಬೇಡ ಅಂದಿದ್ದೀಯ. ಬರೆಯುತ್ತಿದ್ದೇನೆ. ಓದದೆ ಹರಿದರೂ ಸರಿ, ಆದರೆ ಕೊನೇ ಪುಟ ಓದಿ ಹರಿ.

ಮುಲೋಂಡೋ ವಿಷಯ ನಿಜ. ಅತ್ತೆ ಜುಲೈ ಮೊದಲ ವಾರ ಬಂದದ್ದೂ ಈಗ ಮತ್ತೆ ಬಂದದ್ದೂ ಅದಕ್ಕೇ. ನಿನಗೆ ಯಾಕೆ ಹೇಳಲಿಲ್ಲ? ಮದುವೆ ಹೆಣ್ಣಿನ ಮಾರಾಟ ಎಂದು ಹಿಂದೊಮ್ಮೆ ನಿನಗೆ ನಾಲ್ಕು ಪುಟ ಬರೆದವಳು ನಾನು. ಬೇಡ ಎಂದು ಮನೆಯಲ್ಲಿ ಒಂದು ಮಾತು ಆಡಲಿಲ್ಲ ಅನ್ನುವುದನ್ನು ಯಾವ ಮುಖದಿಂದ ಬರೆಯಲಿ? ನಾಳೆ ಹೇಳುತ್ತೇನೆ, ಹೇಳಿ ಮುಗಿಸಿದ ಮೇಲೆ ಇವಳಿಗೆ ದೊಡ್ಡದಾಗಿ ಬರೆಯುತ್ತೇನೆ ಅಂದುಕೊಂಡೆ. ಪ್ರತಿ ದಿನವೂ ನಾಳೆಯಾಯಿತು. ಸಿನಿಮಾದ ವಧುವಿಗೆ ಬೈದಾಗ ಎಷ್ಟು ಹಗುರಾಯಿತು ಗೊತ್ತಾ? ಅವಳಿಗೆ ಬೈದರೆ ನನ್ನ ಕೆಲಸ ಮುಗಿದ ಹಾಗಾಗುತ್ತಿತ್ತು.

ಮೊನ್ನೆ ಭಾನುವಾರ ಆದದ್ದು ಹೇಳುತ್ತೇನೆ.

ಪೂಜೆ ಮುಗಿಸಿ ಅತ್ತೆಯೂ ನಾನೂ ಮಧ್ಯಾಹ್ನ ಮನೆಗೆ ಬರುತ್ತಿದ್ದೆವು. ಕಸುಲೆಯ ಹಾಲಿನ ಹೊರಗಿನ ಸ್ಪೀಕರಿನಲ್ಲಿ ಅವನ ಗಂಟಲು: "ಬನ್ನಿ ತಾಯಂದಿರೇ, ಇವತ್ತು ಹೊಡೆದಾಟ ಇಲ್ಲ, ಇವತ್ತು ಸಂಸಾರದ ಕಥೆ. ಒಂದು ಗಂಡ, ಇಬ್ಬರು ಹೆಂಡಿರು, ಒಂದು ಅಂಗಡಿ. ಹೆಂಗಸರಿಗೆ ಪುಕ್ಕಟೆ." ಬಾಗಿಲಿನ ಪರದೆ ಸರಿದಾಗ ಟಿವಿಯಲ್ಲಿ ಆ ಅಂಗಡಿ ಕಂಡಿತು. ನಿನ್ನ ಫ್ರೆಂಚ್ ಅಂಗಡಿ.

"ಕಾಲು ನೋಯ್ತಿದೆ. ಒಂದು ಗಳಿಗೆ ಕೂತು ಹೋಗೋಣ" ಅಂದಳು ಅತ್ತೆ.

"ಬೇಡ ಅತ್ತೆ, ಒಳಗೆ ಸೆಕೆ."

"ಸೆಕೆ ನಿಂಗಾ ನಂಗಾ?" ಒಳಗೆ ಹೋಗಿ ಮುಂದಿನ ಬೆಂಚಿನಲ್ಲೇ ಕೂತಳು.

ವಿಡಿಯೋ ಹಾಲ್ ತುಂಬ ಜನ. ಸಂತೆಯ ಹೆಂಗಸರು, ಬಾಡಿಗೆ ಬೈಕಿನ ಬೋಡಾ ಓಡಿಸುವವರು, ನಮ್ಮ ಚರ್ಚಿನ ಹಾಡಿನ ಗುಂಪಿನವರು. ಕಸುಲೆ ಟಿವಿಯ ಪಕ್ಕದಲ್ಲಿ ಮೈಕು ಹಿಡಿದು ಕೂತಿದ್ದ. ಅವನಿಗೆ ಫ್ರೆಂಚ್ ಒಂದಕ್ಷರವೂ ಬಾರದು. ಮದುವೆ ಗಂಡು ಅಂಗಡಿಗೆ ಬಂದು ಇಬ್ಬರ ಜೊತೆಗೂ ನಗುತ್ತ ಮಾತಾಡುವುದನ್ನು ನೋಡಿ, ಅವನು ಇಬ್ಬರಿಗೂ ಗಂಡ ಎಂದು ತೀರ್ಮಾನಿಸಿಬಿಟ್ಟಿದ್ದ. ಇಲ್ಲಿ ಬೇರೆ ಯಾರಾದರೂ ಇನ್ನೇನು ತೀರ್ಮಾನಿಸಿಯಾರು?

"ನೋಡಿ, ಇವಳು ದೊಡ್ಡವಳು, ಅಂಗಡಿ ಇವಳದ್ದು. ಅವಳು ಚಿಕ್ಕವಳು, ಸೊಂಟ ಅವಳದ್ದು. ಗಂಡ ಏನ್ಮಾಡ್ತಾನೆ? ಹಗಲು ಅಂಗಡಿ ಲೆಕ್ಕ ಕೇಳ್ತಾನೆ, ರಾತ್ರಿ ಸೊಂಟದ ಲೆಕ್ಕ ಕೇಳ್ತಾನೆ."

ಎಲ್ಲರೂ ನಕ್ಕರು. ನಾನು ಇವರನ್ನೆಲ್ಲ ಮನಸ್ಸಿನಲ್ಲೇ ತುಚ್ಛವಾಗಿ ನೋಡುತ್ತ ಕೂತೆ. ಸಿನಿಮಾ ತೆಗೆದವನೂ ಮೂರ್ಖ, ಹೇಳುವವನೂ ಮೂರ್ಖ, ಕೇಳುವವರೂ ಮೂರ್ಖರು ಅಂದುಕೊಂಡೆ. ಅಷ್ಟರಲ್ಲಿ ನಿನ್ನ ಎರಡು ಬಟ್ಟಲು ಬಂದವು.

"ಆಹಾ, ದೊಡ್ಡವಳು ಚಿಕ್ಕವಳಿಗೆ ಚಹಾ ಇಟ್ಟಿದ್ದಾಳೆ. ಸವತಿಗೆ ಚಹಾ! ಒಂದರಲ್ಲಿ ವಿಷ ಇದೆ ತಾಯಂದಿರೇ, ಯಾವುದರಲ್ಲಿ ಅಂತ ಈಗ ನೋಡೋಣ."

ಹಿಂದಿನಿಂದ ಬಾಳೆಕಾಯಿ ಮಾರುವವಳು ಕೂಗಿದಳು: "ಸುಮ್ನಿರೋ. ವಿಷ ಹಾಕೋಳು ಬಟ್ಟಲನ್ನ ಅಷ್ಟು ಸಲ ಒರೆಸ್ತಾಳಾ?"

"ಹೌದಲ್ವಾ" ಅಂದಳು ಇನ್ನೊಬ್ಬಳು. "ಅವಳು ಬರ್ಲಿ ಅಂತ ಕಾಯ್ತಿದ್ದಾಳೆ ಕಣೋ. ಮುಖ ನೋಡು."

ಕಸುಲೆ ಮೈಕು ಇಳಿಸಿದ. ಆರು ನಿಮಿಷ, ಬಿರುಂಗಿ. ಯಾರೂ ಕೆಮ್ಮಲಿಲ್ಲ. ನಾನು ಕೆನ್ನೆಗೆ ಬಾರಿಸಬೇಕು ಎಂದು ಬರೆದ ಹೆಂಗಸಿಗಾಗಿ, ಅಕ್ಷರ ಬಾರದ ಎಂಬತ್ತು ಜನ ಬಾಗಿಲು ನೋಡುತ್ತ ಕೂತರು.

ಕೊನೆಯ ದೃಶ್ಯ ನಿನಗೆ ಗೊತ್ತು. ಇಬ್ಬರೂ ಅಡುಗೆಮನೆಯಲ್ಲಿ ನಿಂತು, ಒಬ್ಬಳು ಇನ್ನೊಬ್ಬಳ ಮುಖ ಹಿಡಿಯುತ್ತಾಳೆ. ಕಸುಲೆಯ ಬಾಯಿ ಅರ್ಧಕ್ಕೆ ನಿಂತಿತು. ಅವನಿಗೆ ಆಗ ತಿಳಿಯಿತು. ಎದ್ದು, ತನ್ನ ದೊಡ್ಡ ಬೆನ್ನನ್ನು ಟಿವಿಗೆ ಅಡ್ಡ ಹಿಡಿದು ನಿಂತ. "ಸ್ನೇಹಿತರೇ, ಡಿಸ್ಕ್ ಗೀಚಿದೆ. ಕಥೆ ನಾನು ಹೇಳ್ತೀನಿ. ಗಂಡ ಸತ್ತ. ಸವತಿಯರು ರಾಜಿಯಾದ್ರು. ಇಬ್ಬರೂ ಸೇರಿ ಅಂಗಡಿ ನಡೆಸಿದ್ರು."

"ಗಂಡ ಯಾವಾಗ ಸತ್ತ?" ಒಬ್ಬ ಬೋಡಾದವನು ಕೇಳಿದ.

"ನೀನು ಕಡಲೇಕಾಯಿ ತಿಂತಿದ್ಯಲ್ಲ, ಆವಾಗ."

ಜನ ಚಪ್ಪಾಳೆ ತಟ್ಟಿ ಎದ್ದರು. ಗಂಡ ಸತ್ತದ್ದೇ ಒಳ್ಳೆಯದಾಯಿತು ಎಂದು ಹೆಂಗಸರು ಮಾತಾಡಿಕೊಂಡು ಹೋದರು. ಕಸುಲೆ ಡಿಸ್ಕ್ ತೆಗೆದು ನನ್ನ ಕೈಗಿಟ್ಟ. "ಇಂಥದ್ದನ್ನ ಮೇಜಿನ ಮೇಲೆ ಇಡಬೇಡ ತಂಗಿ" ಅಂದ, ಅಷ್ಟೇ.

ದಾರಿಯಲ್ಲಿ ಕಾಫಿ ತೋಟದ ತಿರುವು ಬಂದ ಮೇಲೆ ಅತ್ತೆ ಅಂದಳು:

"ಆ ಕಸುಲೆ ಬಾಯಿಗೆ ಬಂದದ್ದು ಹೇಳ್ದ. ಸವತಿಯರು ಹಾಗೆ ನೋಡೋದಿಲ್ಲ. ನಂಗೆ ಇಬ್ಬರಿದ್ರು, ನಂಗೊತ್ತಿಲ್ವಾ?"

ನಾನು ನಡೆಯುತ್ತಲೇ ಇದ್ದೆ.

"ಲುಬೆಗಾ ತಂದ್ಕೊಡೋ ಕಾಗದ ಓದುವಾಗ ನೀನು ಹಾಗೆ ನೋಡ್ತೀಯ."

"ಅದು ಗೆಳತಿಯ ಕಾಗದ ಅತ್ತೆ."

"ಗೆಳತೀದೇ ಅಂತ ನಾನೂ ಹೇಳಿದ್ದು." ಮತ್ತೆ ಸ್ವಲ್ಪ ದೂರ ನಡೆದಳು. "ಮುಲೋಂಡೋ ಬರೆದ ಕಾಗದ ನನ್ನ ಪೆಟ್ಟಿಗೇಲಿದೆ. ನಾನು ಕೊಂಡೊಯ್ದು ನಿಮ್ಮಪ್ಪನ ಕೈಗಿಡೋವರೆಗೂ ಅವನು ಯಾರೋ, ನೀವು ಯಾರೋ. ಇಟ್ಟ ಮೇಲೆ ನಂಟಸ್ತಿಕೆ. ಮುಂದಿನ ಭಾನುವಾರ ಇಡಬೇಕು. ಇಡ್ಲಾ?"

ನಾನೇನು ಹೇಳಿದೆ ಗೊತ್ತಾ? ಏನೂ ಹೇಳಲಿಲ್ಲ. ಬಾಯಿಲ್ಲದ ಹೆಂಗಸಿನ ಮೇಲೆ ಪುಟಗಟ್ಟಲೆ ಉಗುಳಿದವಳು, ದಾರಿಯ ಮಧ್ಯೆ ನಿಂತು ನನ್ನ ಚಪ್ಪಲಿ ನೋಡಿದೆ. ಅತ್ತೆ ನನ್ನ ಗಲ್ಲ ಎತ್ತಿ ನೋಡಿ, ಕೈ ಬಿಟ್ಟು, ಮುಂದೆ ನಡೆದಳು.

ಸೋಮವಾರ ಬೆಳಿಗ್ಗೆ ಅವಳೇ ಮುಲೋಂಡೋನ ಗೋದಾಮಿಗೆ ಹೋಗಿ ಕಾಗದ ವಾಪಸ್ ಕೊಟ್ಟು ಬಂದಿದ್ದಾಳೆ. "ಹುಡುಗಿಯ ನಾಲಿಗೆ ಉದ್ದ ಕಣಪ್ಪ, ನೀನು ಮೆತ್ತಗಿನ ಮನುಷ್ಯ, ಒಂದು ವರ್ಷದಲ್ಲಿ ಸೊರಗಿ ಹೋಗ್ತೀಯ" ಅಂದಳಂತೆ. ಈಗ ಮನೆಯಲ್ಲಿ ಎಲ್ಲರೂ ಅವಳ ಮೇಲೆ ಬಿದ್ದಿದ್ದಾರೆ. ಇನ್ನೂ ಏನೋ ಉಡುಗೊರೆ ಕೀಳಲು ಆಟ ಆಡುತ್ತಿದ್ದಾಳೆ ಎಂದು ಅಣ್ಣ ಅಂದ. ಅಪ್ಪ, "ಮುದುಕಿಗೆ ಅರಳು ಮರಳು" ಅಂದರು. ಅವಳು ಎಲ್ಲ ಕೇಳಿಸಿಕೊಂಡು, ಶೇಂಗಾ ಸಾರು ಉಂಡು, ಗಂಟು ಕಟ್ಟಿಕೊಂಡು ತನ್ನ ಮನೆಗೆ ಹೋದಳು. ನಾನು ಅಲ್ಲೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಇದು ಕೊನೇ ಪುಟ. ಮುಲೋಂಡೋ ಇಲ್ಲ. ನೀನು ಕೇಳಿದ್ದು ನನಗೆ ತಿಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಿಸಿಲಿನ ಮೂಲೆ ಎಂದು ನೀನು ಬರೆದಾಗಲೇ ತಿಳಿದಿತ್ತು. ಅದಕ್ಕೇ ಅಷ್ಟು ಜೋರಾಗಿ ಬೈದೆ. ನೀನೂ ನನಗೆ ಬೇಕು. ಆ ಮೂಲೆಗೆ ಯಾರಾದರೂ ಬಂದರಾ?

ನಲ್ವೋಗಾ


ಕಂಪಾಲ
3 ಸೆಪ್ಟೆಂಬರ್

ನಲ್ವೋಗಾ,

ಪೂರ್ತಿ ಓದಿದೆ. ಎರಡು ಸಲ.

ಯಾರೂ ಬಂದಿಲ್ಲ. ಹದಿನೈದನೇ ತಾರೀಕಿನವರೆಗೆ ಯಾರಿಗೂ ಕೊಡುವುದಿಲ್ಲ.

ಆದರೆ ಹೀಗೆ ಬರಬೇಡ. ಅತ್ತೆ ಬೈಸಿಕೊಂಡು ಹೋಗಿದ್ದಾಳೆ, ನೀನು ಅವಳ ಸೆರಗಿನ ಹಿಂದೆ ನಿಂತಿದ್ದೀಯ. ಮೊದಲು ಅಪ್ಪನಿಗೆ ಹೇಳು. ಕಾರಣ ಹೇಳಬೇಡ. ಕಾರಣ ಹೇಳಿದರೆ ಕೊಲ್ಲುವ ಊರು ಅದು, ಇದೂ ಅಂಥದ್ದೇ. ಆದರೆ ಬೇಡ ಅಂದವಳು ಅತ್ತೆಯಲ್ಲ, ನಾನು ಎಂದು ಹೇಳು. ಅಷ್ಟನ್ನು ಹೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಆ ಮುದುಕಿಯ ತಲೆಯ ಮೇಲೆ ಎಲ್ಲ ಹೊರಿಸಿ ಬರುವವಳ ಜೊತೆ ನಾನು ಒಂದು ಕೋಣೆಯಲ್ಲಿ ಇರಲಾರೆ.

ಹೇಳಲು ಆಗದಿದ್ದರೆ ಬರೆಯಲೂ ಬೇಡ. ಹದಿನೈದಕ್ಕೆ ನನಗೆ ತಿಳಿಯುತ್ತದೆ.

ಬಿರುಂಗಿ


ಕಿಬಂಗಾ
12 ಸೆಪ್ಟೆಂಬರ್

ಬಿರುಂಗಿ,

ಹೇಳಿದೆ.

ನಿನ್ನೆ ಸಂಜೆ ಅಪ್ಪ ಅಂಗಳದಲ್ಲಿ ಕಾಫಿ ಬೀಜ ಆರಿಸುತ್ತಿದ್ದರು. ಕರಪತ್ರ ಓದಲು ಶುರು ಮಾಡಿದ ಮೇಲೆ ನಾನು ಅಪ್ಪನ ಮುಂದೆ ಮಂಡಿಯೂರಿ ಮಾತಾಡುವುದನ್ನು ಬಿಟ್ಟಿದ್ದೆ, ಮನೆಯಲ್ಲಿ ಅದಕ್ಕೆ ದೊಡ್ಡ ಜಗಳವೇ ಆಗಿತ್ತು. ನಿನ್ನೆ ಊರಿದೆ. ಮರ್ಯಾದೆಗಲ್ಲ, ಅವರ ಕಣ್ಣಿನ ಮಟ್ಟಕ್ಕೆ ಇಳಿದು ಹೇಳಲು.

"ಅಪ್ಪಾ, ಮುಲೋಂಡೋ ಬೇಡ ಅಂದದ್ದು ಅತ್ತೆ ಅಲ್ಲ. ನಾನು. ನನಗೆ ಮದುವೆ ಬೇಡ."

ಅವರು ಬೀಜ ಆರಿಸುವುದನ್ನು ನಿಲ್ಲಿಸಲಿಲ್ಲ. "ಯಾವತ್ತಿಂದ ಬೇಡ?"

"ಮೊದಲಿಂದ."

"ಮೊದಲಿಂದ" ಅಂದರು. "ಆ ಮನುಷ್ಯ ಕೋಟು ಹೊಲಿಸ್ದ. ಎರಡು ಸಲ ನನ್ನ ಅಕ್ಕನ ಮನೆಗೆ ಬಂದು ಹೊರಗೆ ಬಿಸಿಲಲ್ಲಿ ಕೂತ. ನೀನು ಚಹಾ ಕೊಟ್ಟೆ, ಅವನು ಕುಡ್ದ. ಅವತ್ತೇ ಹೇಳಿದ್ರೆ ಅವನ ಮಾನ ಉಳೀತಿತ್ತು. ನನ್ನ ಅಕ್ಕನ ಮಾನಾನೂ. ಇಷ್ಟೆಲ್ಲ ಓದ್ತೀಯಲ್ಲ, ಯಾರೂ ಇದನ್ನ ಬರೆದಿಲ್ವಾ?"

ಮುಲೋಂಡೋನನ್ನು ನಾನು ಒಂದು ಸಲವಾದರೂ ಮನುಷ್ಯನಂತೆ ಯೋಚಿಸಿರಲಿಲ್ಲ. ಅವನು ನನಗೆ ಕೆಟ್ಟ ಸಿನಿಮಾದ ಗಂಡಾಗಿದ್ದ, ಅಷ್ಟೇ.

ಕಂಪಾಲದಲ್ಲಿ ಟೈಪಿಂಗ್ ಕೆಲಸಕ್ಕೆ ಹೋಗುತ್ತೇನೆ ಎಂದೂ ಹೇಳಿದೆ. "ಹೋಗು" ಅಂದರು. ಆಶೀರ್ವಾದವೂ ಅಲ್ಲ, ಶಾಪವೂ ಅಲ್ಲ. ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಇವತ್ತು ಬೆಳಿಗ್ಗೆ ಅಣ್ಣನ ಸೈಕಲ್ಲಿನಲ್ಲಿ ಅತ್ತೆಯ ಮನೆಗೆ ಹೋಗಿ, ತಾವೇ ಅವಳ ಕ್ಷಮೆ ಕೇಳಿ ಬಂದರು. ನನಗೆ ಹೇಳಲಿಲ್ಲ, ಅಣ್ಣ ಹೇಳಿದ.

ಶನಿವಾರ ಲುಬೆಗಾನ ಮೊದಲ ಟ್ಯಾಕ್ಸಿಗೆ ಹೊರಡುತ್ತೇನೆ. ಒಂದು ಗಂಟು ಬಟ್ಟೆ, ಒಂದು ಚೀಲ ಬಾಳೆಕಾಯಿ. ಹತ್ತು ಗಂಟೆಗೆಲ್ಲ ಅಲ್ಲಿರುತ್ತೇನೆ. ನನಗೆ ದಾರಿ ಗೊತ್ತು, ಸಲೂನಿನ ಕೆಲಸ ಬಿಟ್ಟು ನೀನು ನಿಲ್ದಾಣಕ್ಕೆ ಬರುವುದು ಬೇಡ ಎಂದು ಬರೆಯಲು ಹೊರಟಿದ್ದೆ.

ಬಾ.

ನಲ್ವೋಗಾ